ಪಿಡಿಎಫ್ ತಿದ್ದೋದು ಯಾಕಿಷ್ಟು ಕಷ್ಟ?

"ಈ ಪಿಡಿಎಫ್‌ನಲ್ಲಿ ಒಂದೇ ಒಂದು ತಾರೀಖು ಬದಲಾಯಿಸ್ಬೇಕಿತ್ತು, ಏನ್ ಮಾಡ್ಲಿ?" ಆಫೀಸಿನಲ್ಲಿ ವಾರಕ್ಕೊಮ್ಮೆಯಾದರೂ ಯಾರೋ ಒಬ್ಬರು ನನ್ನ ಟೇಬಲ್ ಹತ್ತಿರ ಬಂದು ಕೇಳುವ ಪ್ರಶ್ನೆ ಇದು. ಬಾಡಿಗೆ ಕರಾರು ಇರಬಹುದು, ರೆಸ್ಯೂಮೆ ಇರಬಹುದು, ಸಂಜೆಯೊಳಗೆ ಕ್ಲೈಂಟಿಗೆ ಹೋಗಬೇಕಾದ ಕೊಟೇಶನ್ ಇರಬಹುದು. ಕೇಳುವವರ ದನಿಯಲ್ಲಿ ಸಣ್ಣದೊಂದು ಸಿಟ್ಟು. ವರ್ಡ್ ಫೈಲಾದ್ರೆ ಎರಡು ಸೆಕೆಂಡಿನ ಕೆಲಸ, ಇದಕ್ಕೇನು ದೊಡ್ಡ ರೋಗ ಅಂತ. ಕೆಲವರು ನನ್ನ ಹತ್ತಿರ ಬರುವ ಹೊತ್ತಿಗಾಗಲೇ 'ಉಚಿತ' ಅಂತ ಬೋರ್ಡು ಹಾಕಿಕೊಂಡ ಯಾವುದೋ ಸೈಟಿಗೆ ಪ್ಯಾನ್ ಕಾರ್ಡು, ಸಂಬಳದ ಚೀಟಿ ಎಲ್ಲಾ ಅಪ್‌ಲೋಡ್ ಮಾಡಿ ಮುಗಿಸಿರುತ್ತಾರೆ.

ಯಾವ ಸಾಫ್ಟ್‌ವೇರ್ ಬಳಸಬೇಕು ಅಂತ ಹೇಳೋದು ಸುಲಭ, ಕೊನೆಯಲ್ಲಿ ಹೇಳ್ತೀನಿ ಕೂಡ. ಆದರೆ ಈ ಫೈಲು ಯಾಕೆ ಹೀಗೆ ಹಟ ಮಾಡುತ್ತೆ ಅಂತ ಗೊತ್ತಾಗಬೇಕಾದ್ರೆ ನಲವತ್ತು ವರ್ಷ ಹಿಂದಕ್ಕೆ ಹೋಗಬೇಕು. ಅಲ್ಲಿಂದ ಹೊರಟರೆ ದಾರಿ ನಮ್ಮ ಕನ್ನಡದ ಬಾಗಿಲಿಗೂ ಬಂದು ನಿಲ್ಲುತ್ತೆ.

ನಮಗೆ ಜೆರಾಕ್ಸ್ ಅಂದ್ರೆ ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿ. ಆ ಹೆಸರಿನ ಕಂಪನಿಗೆ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ 'ಪಾರ್ಕ್' ಅನ್ನೋ ಸಂಶೋಧನಾ ಕೇಂದ್ರವಿತ್ತು. ಲೇಸರ್ ಪ್ರಿಂಟರು, ಈಥರ್ನೆಟ್ಟು ರೂಪುಗೊಂಡ ಜಾಗ ಅದು. ಅಲ್ಲಿ ಕೆಲಸಕ್ಕಿದ್ದ ಜಾನ್ ವಾರ್ನಾಕ್ ಮತ್ತು ಚಾರ್ಲ್ಸ್ ಗೆಷ್ಕಿ, ಪುಟ ಹೇಗಿರಬೇಕು ಅಂತ ಪ್ರಿಂಟರಿಗೆ ವಿವರಿಸುವ ಇಂಟರ್‌ಪ್ರೆಸ್ ಅನ್ನೋ ಭಾಷೆ ಕಟ್ಟುವುದರಲ್ಲಿದ್ದರು. ಅದನ್ನು ಮಾರುಕಟ್ಟೆಗೆ ಬಿಡಿ ಅಂದರೆ ಜೆರಾಕ್ಸ್ ಮನಸ್ಸು ಮಾಡಲಿಲ್ಲ. ಇಬ್ಬರೂ ಕೆಲಸ ಬಿಟ್ಟು 1982ರಲ್ಲಿ ತಮ್ಮದೇ ಕಂಪನಿ ತೆಗೆದರು. ವಾರ್ನಾಕ್ ಮನೆಯ ಹಿಂದೆ ಹರಿಯುತ್ತಿದ್ದ ಹಳ್ಳದ ಹೆಸರನ್ನೇ ಅದಕ್ಕಿಟ್ಟರು: ಅಡೋಬಿ. 1984ರಲ್ಲಿ ಪೋಸ್ಟ್‌ಸ್ಕ್ರಿಪ್ಟ್ ಭಾಷೆ ಬಂತು. ಮರುವರ್ಷ ಆಪಲ್‌ನ ಲೇಸರ್‌ರೈಟರ್ ಪ್ರಿಂಟರು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಅಂಗಡಿಗೆ ಬಂತು. ಮೇಜಿನ ಮೇಲೆ ಪುಸ್ತಕ ವಿನ್ಯಾಸ ಮಾಡಿ ಅಚ್ಚು ಹಾಕುವ ಕಾಲ ಶುರುವಾಗಿದ್ದು ಹೀಗೆ.

ಅದೇ ಜೆರಾಕ್ಸಿನ ಇನ್ನೊಂದು ಪ್ರಿಂಟರು ಅಮೆರಿಕದ ಆ ತುದಿಯಲ್ಲಿ, ಎಂಐಟಿಯ ಪ್ರಯೋಗಾಲಯದಲ್ಲಿ, 1980ರ ಸುಮಾರಿಗೆ ಪದೇ ಪದೇ ಕಾಗದ ಸಿಕ್ಕಿಸಿಕೊಂಡು ನಿಲ್ಲುತ್ತಿತ್ತು. ನಿಂತಾಗ ಎಲ್ಲರಿಗೂ ಸಂದೇಶ ಹೋಗುವ ಹಾಗೆ ಅದರ ಪ್ರೋಗ್ರಾಮನ್ನು ತಿದ್ದೋಣ ಅಂತ ರಿಚರ್ಡ್ ಸ್ಟಾಲ್‌ಮನ್ ಹೊರಟರು. ಮೂಲ ಕೋಡ್ ಕೊಡಲಿಲ್ಲ. ಅದು ಇಟ್ಟುಕೊಂಡಿದ್ದ ಇನ್ನೊಂದು ವಿಶ್ವವಿದ್ಯಾಲಯದವರನ್ನು ಕೇಳಿದರೆ, ಯಾರಿಗೂ ಕೊಡಲ್ಲ ಅಂತ ಮಾತು ಕೊಟ್ಟಿದ್ದೀನಿ ಅಂದರಂತೆ. ಆ ಮುಖಭಂಗ 1983ರ ಗ್ನೂ ಯೋಜನೆಗೆ, ಅಂದರೆ ಮುಕ್ತ ತಂತ್ರಾಂಶದ ಚಳವಳಿಗೆ, ದೊಡ್ಡ ಕಾರಣಗಳಲ್ಲೊಂದು ಅಂತ ಸ್ಟಾಲ್‌ಮನ್ ಆಮೇಲೆ ಎಷ್ಟೋ ಸಲ ಹೇಳಿದ್ದಾರೆ. ಪಿಡಿಎಫ್‌ನ ವಂಶವೃಕ್ಷ ಮತ್ತು ಅದನ್ನು ಬಿಚ್ಚಿ ನೋಡಿದವರ ವಂಶವೃಕ್ಷ, ಎರಡರ ಬುಡದಲ್ಲೂ ಜೆರಾಕ್ಸ್ ಪ್ರಿಂಟರೇ ಕೂತಿರೋದು ನನಗೆ ತಮಾಷೆಯಾಗಿ ಕಾಣುತ್ತೆ.

ಪೋಸ್ಟ್‌ಸ್ಕ್ರಿಪ್ಟ್ ನಿಜಕ್ಕೂ ಒಂದು ಪ್ರೋಗ್ರಾಮಿಂಗ್ ಭಾಷೆ. ನೂರನೇ ಪುಟ ಹೇಗಿದೆ ನೋಡಬೇಕಾದರೆ ಹಿಂದಿನ ತೊಂಬತ್ತೊಂಬತ್ತನ್ನೂ ಲೆಕ್ಕ ಹಾಕಿಕೊಂಡು ಬರಬೇಕಾಗಬಹುದು. ಪ್ರಿಂಟರಿಗೆ ಅದು ಸರಿ, ಪರದೆಯ ಮೇಲೆ ಓದೋರಿಗೆ ಕಷ್ಟ. 1991ರಲ್ಲಿ ವಾರ್ನಾಕ್ 'ಕ್ಯಾಮೆಲಾಟ್' ಅನ್ನೋ ಹೆಸರಿನಲ್ಲಿ ಒಂದು ಚಿಕ್ಕ ಟಿಪ್ಪಣಿ ಬರೆದರು. ಯಾವ ಕಂಪ್ಯೂಟರಿನಲ್ಲಿ, ಯಾವ ಪ್ರೋಗ್ರಾಮಿನಲ್ಲಿ ಮಾಡಿದ ದಾಖಲೆಯಾದರೂ ಸರಿ, ಅದು ಬೇರೆ ಯಾವ ಕಂಪ್ಯೂಟರಿನಲ್ಲೂ ಇದ್ದ ಹಾಗೇ ಕಾಣಬೇಕು, ಇದ್ದ ಹಾಗೇ ಅಚ್ಚಾಗಬೇಕು ಅನ್ನೋದು ಅದರ ಸಾರ. ಪೋಸ್ಟ್‌ಸ್ಕ್ರಿಪ್ಟ್‌ನಿಂದ ಪ್ರೋಗ್ರಾಮಿನ ಅಂಶವನ್ನೆಲ್ಲ ಕಿತ್ತುಹಾಕಿ, ಪುಟದ ಮೇಲೆ ಏನು ಎಲ್ಲಿ ಕೂರಬೇಕು ಅನ್ನೋದನ್ನಷ್ಟೇ ಉಳಿಸಿಕೊಂಡರು. 1993ರ ಜೂನ್‌ನಲ್ಲಿ ಅಕ್ರೊಬ್ಯಾಟ್ ಜೊತೆ ಪಿಡಿಎಫ್ ಹೊರಬಂತು. ಆಗ ಬರೀ ಓದೋ ಪ್ರೋಗ್ರಾಮಿಗೂ 50 ಡಾಲರ್ ಕೊಡಬೇಕಿತ್ತು! ಯಾರೂ ಅಷ್ಟಾಗಿ ತಗೊಳ್ಳಲಿಲ್ಲ. ಮರುವರ್ಷ ರೀಡರನ್ನು ಪುಕ್ಕಟೆ ಮಾಡಿದರು. ಅಮೆರಿಕದ ತೆರಿಗೆ ಇಲಾಖೆ ತನ್ನ ಫಾರ್ಮುಗಳನ್ನು ಪಿಡಿಎಫ್‌ನಲ್ಲಿ ಹಂಚತೊಡಗಿತು. ಆಮೇಲಿನದ್ದು ನಿಮಗೇ ಗೊತ್ತು.

ಈಗ ಫೈಲಿನ ಒಳಗೆ ಒಂದು ಸಲ ಇಣುಕೋಣ. ವರ್ಡ್ ಫೈಲಿನೊಳಗೆ 'ಇದು ಒಂದು ಪ್ಯಾರಾ, ಇದರೊಳಗೆ ಈ ಮಾತುಗಳಿವೆ' ಅಂತ ಇರುತ್ತೆ. ನೀವು ಒಂದು ಪದ ಸೇರಿಸಿದರೆ ಉಳಿದವು ಸರಿದು ಜಾಗ ಕೊಡುತ್ತವೆ. ಪಿಡಿಎಫ್‌ನೊಳಗೆ ಇರೋದು ಬೇರೆ ಥರದ ಸೂಚನೆ: ಹಾಳೆಯ ಎಡದಿಂದ 72, ಕೆಳಗಿನಿಂದ 700 ಪಾಯಿಂಟ್ ದೂರದಲ್ಲಿ, ಇಂಥ ಫಾಂಟಿನ 43ನೇ ಆಕಾರವನ್ನು ಇಡು. ಅದರ ಪಕ್ಕದಲ್ಲಿ 17ನೇದು. ಇಷ್ಟೇ. ಸಾಮಾನ್ಯವಾಗಿ ಅಲ್ಲಿ ಪ್ಯಾರಾ ಇಲ್ಲ, ಕೋಷ್ಟಕ ಇಲ್ಲ, ಎಷ್ಟೋ ಸಲ ಪದಗಳ ನಡುವೆ ಖಾಲಿ ಜಾಗವೂ ಇಲ್ಲ. ಮುಂದಿನ ಅಕ್ಷರ ಸ್ವಲ್ಪ ದೂರ ಕೂತಿರುತ್ತೆ, ನಮ್ಮ ಕಣ್ಣು ಅದನ್ನು ಖಾಲಿ ಜಾಗ ಅಂದುಕೊಳ್ಳುತ್ತೆ. ಸಾಲದ್ದಕ್ಕೆ, ಫೈಲು ಚಿಕ್ಕದಾಗಲಿ ಅಂತ ಫಾಂಟಿನಲ್ಲಿ ಬಳಸಿದ ಆಕಾರಗಳನ್ನಷ್ಟೇ ಒಳಗಿಟ್ಟು ಮಿಕ್ಕದ್ದನ್ನು ಬಿಟ್ಟಿರುತ್ತಾರೆ. ಮೂಲದಲ್ಲಿ ಎಲ್ಲೂ 'ಘ' ಬಂದಿಲ್ಲ ಅಂದ್ರೆ, ಆ ಫೈಲಿನಲ್ಲಿರೋ ಫಾಂಟಿನಿಂದ 'ಘ' ಬರೆಯೋಕ್ಕೇ ಆಗಲ್ಲ.

ಅಡೋಬಿಯವರು ಬೇಕಂತಲೇ ತಿದ್ದೋಕ್ಕೆ ಬಿಡಲಿಲ್ಲ ಅಂತ ತುಂಬ ಜನ ಬೈಯ್ತಾರೆ. ನನಗೆ ಹಾಗನ್ನಿಸಲ್ಲ. ಅಚ್ಚಾದ ಹಾಳೆಗೆ ಇರುವ ಗುಣವೇ ಅದು. ಮದುವೆ ಕಾಗದ ಅಚ್ಚಾದ ಮೇಲೆ ಮುಹೂರ್ತ ಬದಲಾದರೆ ಏನು ಮಾಡ್ತೀವಿ? ಮೇಲೊಂದು ಚೀಟಿ ಅಂಟಿಸ್ತೀವಿ. ಪಿಡಿಎಫ್ ಎಡಿಟ್ ಮಾಡೋದು ಅಂದ್ರೆ ಬಹುಪಾಲು ಅದೇ.

ಅಡೋಬಿ ಇನ್ನೊಂದು ಕೆಲಸವನ್ನೂ ಮಾಡಿತು, ಅದನ್ನು ಮರೆಯಬಾರದು. ಪಿಡಿಎಫ್ ಹೇಗೆ ಕಟ್ಟಿದೆ ಅನ್ನೋ ಪೂರ್ತಿ ವಿವರಣೆಯನ್ನು 1993ರಲ್ಲೇ ಪುಸ್ತಕವಾಗಿ ಪ್ರಕಟಿಸಿತು. ಪ್ರೋಗ್ರಾಮು ಅವರದ್ದು, ನಕ್ಷೆ ಮಾತ್ರ ಎಲ್ಲರದ್ದೂ. ಈ ಸಣ್ಣ ಸಂದಿಯಲ್ಲೇ ಮುಕ್ತ ತಂತ್ರಾಂಶದವರು ಒಳಗೆ ನುಗ್ಗಿದರು.

ಮೊದಲು ಬಂದವರು ಎಲ್. ಪೀಟರ್ ಡಾಯ್ಚ್. ಇವರೂ ಪಾರ್ಕ್‌ನಲ್ಲಿ ಕೆಲಸ ಮಾಡಿದವರೇ. ಪೋಸ್ಟ್‌ಸ್ಕ್ರಿಪ್ಟ್ ಓದಬಲ್ಲ ಮುಕ್ತ ಪ್ರೋಗ್ರಾಮನ್ನು 1988ರಲ್ಲಿ ಹೊರತಂದು ಗೋಸ್ಟ್‌ಸ್ಕ್ರಿಪ್ಟ್ ಅಂತ ಹೆಸರಿಟ್ಟರು. ಮುಂದೆ ಅದು ಪಿಡಿಎಫ್ ಓದೋಕ್ಕೂ ಬರೆಯೋಕ್ಕೂ ಕಲಿತುಕೊಂಡಿತು. 1995ರಲ್ಲಿ ಡೆರೆಕ್ ನೂನ್‌ಬರ್ಗ್ ಎಕ್ಸ್‌ಪಿಡಿಎಫ್ ಬಿಡುಗಡೆ ಮಾಡಿದರು. ಲಿನಕ್ಸ್ ಬಳಸುವವರು ಎಷ್ಟೋ ವರ್ಷ ಪಿಡಿಎಫ್ ನೋಡಿದ್ದು ಅದರಿಂದಲೇ. ಅದರ ಕೋಡನ್ನು ಬೇರೆ ಬೇರೆ ಪ್ರೋಗ್ರಾಮುಗಳು ನಕಲು ಮಾಡಿಕೊಂಡಿದ್ದವು. ಹಾಗಾಗಿ ಒಂದು ಭದ್ರತಾ ದೋಷ ಸಿಕ್ಕರೆ ಹತ್ತು ಕಡೆ ತೇಪೆ ಹಾಕಬೇಕಾಗುತ್ತಿತ್ತು. ಈ ತಲೆನೋವು ತಪ್ಪಿಸಲಿಕ್ಕೆ 2005ರಲ್ಲಿ ಕ್ರಿಸ್ಟಿಯಾನ್ ಹಾಗ್ಸ್‌ಬರ್ಗ್ ಆ ಕೋಡನ್ನೇ ಎಲ್ಲರೂ ಹಂಚಿಕೊಳ್ಳಬಹುದಾದ ಲೈಬ್ರರಿಯಾಗಿ ಮಾಡಿದರು. ಅದೇ ಪಾಪ್ಲರ್. ಇವತ್ತು ಎವಿನ್ಸ್, ಓಕ್ಯುಲರ್ ತೆರೆದಾಗ, ಇಂಕ್‌ಸ್ಕೇಪ್‌ಗೆ ಒಂದು ಪುಟ ಎಳೆದುಕೊಂಡಾಗ, ಹಿಂದೆ ದುಡಿಯೋದು ಅದೇ.

ಓದೋದು ಆಯ್ತು. ತಿದ್ದೋದು? ಇಲ್ಲಿ ಬೀಗದ ಕಥೆ ಬರುತ್ತೆ. ಪಿಡಿಎಫ್‌ಗೆ ಎರಡು ಥರದ ಬೀಗ ಇದೆ. ಇ-ಆಧಾರ್ ತೆರೆಯುವಾಗ ಪಾಸ್‌ವರ್ಡ್ ಕೇಳುತ್ತಲ್ಲ, ಅದು ಮೊದಲನೇದು. ಅದು ನಿಜವಾದ ಬೀಗ, ಕೀಲಿ ಇಲ್ಲದೆ ಒಳಗಿನದು ಕಾಣಲ್ಲ. ಎರಡನೇದರಲ್ಲಿ ಫೈಲು ಸುಮ್ಮನೆ ತೆರೆದುಕೊಳ್ಳುತ್ತೆ, ಆದರೆ 'ಕಾಪಿ ಮಾಡುವಂತಿಲ್ಲ, ಪ್ರಿಂಟ್ ತೆಗೆಯುವಂತಿಲ್ಲ' ಅನ್ನುತ್ತೆ. ಅದು ಬೀಗವಲ್ಲ, ಬಾಗಿಲಿಗೆ ಅಂಟಿಸಿದ ಬೋರ್ಡು. ದಯವಿಟ್ಟು ಹೂ ಕೀಳಬೇಡಿ ಅನ್ನೋ ಹಾಗೆ. ಪಾಲಿಸೋದು ಬಿಡೋದು ಓದುವ ಪ್ರೋಗ್ರಾಮಿಗೆ ಬಿಟ್ಟಿದ್ದು. ಎಕ್ಸ್‌ಪಿಡಿಎಫ್ ಅದನ್ನು ಪಾಲಿಸುತ್ತಿತ್ತು. ಅದನ್ನು ಹಂಚುತ್ತಿದ್ದ ಕೆಲವರು ಆ ತಪಾಸಣೆಯನ್ನೇ ಕಿತ್ತುಹಾಕಿದರು. ಓಕ್ಯುಲರ್‌ನಲ್ಲಿ ಈ ನಿರ್ಬಂಧ ಪಾಲಿಸಬೇಕೋ ಬೇಡವೋ ಅಂತ ಒಂದು ಟಿಕ್ ಮಾರ್ಕೇ ಇದೆ. ನನ್ನ ಕಂಪ್ಯೂಟರು ಯಾರ ಮಾತು ಕೇಳಬೇಕು, ನನ್ನದೋ ಫೈಲು ಮಾಡಿದವರದ್ದೋ ಅನ್ನೋ ದೊಡ್ಡ ಜಗಳ ಆ ಸಣ್ಣ ಚೌಕದಲ್ಲಿ ಕೂತಿದೆ.

ಈ ಜಗಳ ಒಬ್ಬ ಮನುಷ್ಯನನ್ನು ಜೈಲಿಗೂ ಕಳಿಸಿದೆ. 2001ರ ಜುಲೈನಲ್ಲಿ ರಷ್ಯಾದ ಪ್ರೋಗ್ರಾಮರ್ ದಿಮಿತ್ರಿ ಸ್ಕ್ಲ್ಯಾರೊವ್ ಲಾಸ್ ವೇಗಾಸ್‌ನ ಡೆಫ್‌ಕಾನ್ ಸಮ್ಮೇಳನದಲ್ಲಿ ಇ-ಪುಸ್ತಕಗಳ ಬೀಗ ಎಷ್ಟು ದುರ್ಬಲ ಅಂತ ಭಾಷಣ ಮಾಡಿ ಮುಗಿಸಿದ್ದರು. ಊರಿಗೆ ಹೊರಡುವ ಹೊತ್ತಿಗೆ ಎಫ್‌ಬಿಐ ಬಂಧಿಸಿತು. ಅವರು ಕೆಲಸ ಮಾಡುತ್ತಿದ್ದ ಎಲ್ಕಮ್‌ಸಾಫ್ಟ್ ಕಂಪನಿ ಅಡೋಬಿಯ ಇ-ಪುಸ್ತಕಗಳ ಬೀಗ ತೆಗೆದು ಸಾದಾ ಪಿಡಿಎಫ್ ಮಾಡಿಕೊಡುವ ಪ್ರೋಗ್ರಾಮ್ ಮಾರುತ್ತಿತ್ತು. ದೂರು ಕೊಟ್ಟಿದ್ದು ಅಡೋಬಿ. ಬೀದಿಯಲ್ಲಿ ಪ್ರತಿಭಟನೆ ಶುರುವಾಗಿ, ಒಂದೇ ವಾರದಲ್ಲಿ ಅಡೋಬಿ ಹಿಂದೆ ಸರಿಯಿತು. ಸರಕಾರ ಮಾತ್ರ ಬಿಡಲಿಲ್ಲ. ಆತ ಮನೆಗೆ ಮರಳಿದ್ದು ಡಿಸೆಂಬರಿನಲ್ಲಿ. 2002ರ ಡಿಸೆಂಬರಿನಲ್ಲಿ ಜ್ಯೂರಿ ಎಲ್ಕಮ್‌ಸಾಫ್ಟ್ ನಿರ್ದೋಷಿ ಅಂತ ಹೇಳಿತು. ನಾವು ಒಂದು ಕ್ಲಿಕ್‌ನಲ್ಲಿ ಮಾಡುವ ಕೆಲಸಗಳ ಹಿಂದೆ ಇಂಥದ್ದೂ ನಡೆದಿದೆ.

ಆಮೇಲಿನ ಹತ್ತು ವರ್ಷದಲ್ಲಿ ಉಪಕರಣಗಳು ಒಂದೊಂದಾಗಿ ಬಂದವು. ಪುಟ ಕತ್ತರಿಸೋಕ್ಕೆ, ಜೋಡಿಸೋಕ್ಕೆ ಸಿಡ್ ಸ್ಟೀವರ್ಡ್ ಅವರ ಪಿಡಿಎಫ್‌ಟಿಕೆ. ಫೈಲನ್ನು ಬಿಚ್ಚಿ, ಮನುಷ್ಯರು ಓದಬಲ್ಲ ಹಾಗೆ ಹರಡಿ, ಮತ್ತೆ ಸರಿಯಾಗಿ ಮುಚ್ಚಿಡೋಕ್ಕೆ ಜೇ ಬರ್ಕನ್‌ಬಿಲ್ಟ್ ಅವರ ಕ್ಯೂಪಿಡಿಎಫ್. 2008ರಲ್ಲಿ ಸನ್ ಕಂಪನಿ ಓಪನ್‌ಆಫೀಸ್‌ಗೆ ಪಿಡಿಎಫ್ ತೆರೆಯುವ ಒಂದು ಎಕ್ಸ್‌ಟೆನ್ಷನ್ ಕೊಟ್ಟಿತು. ಅದೇ ಇವತ್ತಿನ ಲಿಬ್ರೆಆಫೀಸ್ ಡ್ರಾದೊಳಗೆ ಸೇರಿಕೊಂಡಿದೆ. ಅದೇ ವರ್ಷ ಜುಲೈ 1ರಂದು ಪಿಡಿಎಫ್ ಅಡೋಬಿಯ ಕೈಬಿಟ್ಟು ಐಎಸ್‌ಒ 32000 ಅನ್ನೋ ಅಂತಾರಾಷ್ಟ್ರೀಯ ಮಾನಕವಾಯಿತು. ಮೊಜಿಲ್ಲಾದವರು 2011ರಲ್ಲಿ ಪಿಡಿಎಫ್‌ಜೆಎಸ್ ಶುರುಮಾಡಿ, 2013ರಲ್ಲಿ ಫೈರ್‌ಫಾಕ್ಸ್‌ನೊಳಗೇ ಓದುವ ಸೌಲಭ್ಯ ಇಟ್ಟರು. 2022ರಿಂದ ಅದರಲ್ಲೇ ಪಠ್ಯ ಬರೆಯಬಹುದು, ಸಹಿ ಗೀಚಬಹುದು.

ಆದರೂ ಇವು ಯಾವುವೂ ವರ್ಡ್ ಥರ ತಿದ್ದಲ್ಲ. ಲಿಬ್ರೆಆಫೀಸ್ ಡ್ರಾದಲ್ಲಿ ತೆರೆದು ನೋಡಿ, ಒಂದು ಪ್ಯಾರಾ ಹತ್ತಾರು ಚೂರಾಗಿ ಒಡೆದಿರುತ್ತೆ. ಒಂದೊಂದು ಸಾಲೂ ಬೇರೆ ಪೆಟ್ಟಿಗೆ. ಆಕಾರಗಳ ರಾಶಿಯನ್ನು ನೋಡಿ ಪ್ರೋಗ್ರಾಮು ಸಾಲುಗಳನ್ನು ಊಹಿಸುತ್ತಿದೆ, ಅಷ್ಟೇ. ಇನ್ನು ಪಿಡಿಎಫ್‌ನಲ್ಲಿ ಮಾಡಿದ ಬದಲಾವಣೆಯನ್ನು ಹಳೆಯದರ ಹಿಂದೆ ಅಂಟಿಸುವ ಪದ್ಧತಿಯೂ ಇದೆ, ಆಗ ಹಳೆಯದು ಫೈಲಿನಲ್ಲೇ ಉಳಿದಿರುತ್ತೆ. ಮೇಲೆ ಕಪ್ಪು ಪಟ್ಟಿ ಎಳೆದರೂ ಅಷ್ಟೇ, ಕೆಳಗಿನ ಅಕ್ಷರ ಎಲ್ಲೂ ಹೋಗಿರಲ್ಲ. 2005ರಲ್ಲಿ ಇರಾಕ್‌ನಲ್ಲಿ ಇಟಲಿಯ ಅಧಿಕಾರಿಯೊಬ್ಬರ ಸಾವಿನ ಬಗ್ಗೆ ಅಮೆರಿಕದ ಸೇನೆ ಪ್ರಕಟಿಸಿದ ವರದಿಯಲ್ಲಿ ಗುಟ್ಟಿನ ಭಾಗಗಳಿಗೆ ಹೀಗೇ ಕಪ್ಪು ಬಳಿದಿದ್ದರು. ಜನ ಅದನ್ನು ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿದರು, ಎಲ್ಲವೂ ಬಯಲಾಯಿತು. ಆಧಾರ್ ನಂಬರಿನ ಮೇಲೆ ಕಪ್ಪು ಚೌಕ ಇಟ್ಟು ವಾಟ್ಸಾಪಿನಲ್ಲಿ ಕಳಿಸುವ ಮುಂಚೆ ಇದನ್ನೊಮ್ಮೆ ನೆನಪು ಮಾಡಿಕೊಳ್ಳಿ.

ಇಷ್ಟು ಹೊತ್ತು ಇಂಗ್ಲಿಷ್ ಫೈಲಿನ ಪಾಡು. ಈಗ ನಮ್ಮದಕ್ಕೆ ಬರೋಣ.

ವಾರ್ನಾಕ್ ಕ್ಯಾಮೆಲಾಟ್ ಟಿಪ್ಪಣಿ ಬರೆದ 1991ರಲ್ಲೇ ಯುನಿಕೋಡ್‌ನ ಮೊದಲ ಆವೃತ್ತಿ ಬಂತು, ಅದರಲ್ಲಿ ಕನ್ನಡಕ್ಕೆ ಜಾಗವೂ ಇತ್ತು. ಆದರೆ ನಮ್ಮ ಕಂಪ್ಯೂಟರುಗಳಿಗೆ ಅದು ಸರಿಯಾಗಿ ತಲುಪಿ ಬಳಕೆಗೆ ಬರುವ ಹೊತ್ತಿಗೆ ತುಂಬ ವರ್ಷ ಕಳೆದವು. ನಡುವಿನ ಕಾಲದಲ್ಲಿ ಬರಹ, ನುಡಿ ನಮ್ಮ ಕೈ ಹಿಡಿದವು. ಅವು ಇಲ್ಲದಿದ್ದರೆ ಕನ್ನಡ ಡಿಟಿಪಿ ಅನ್ನೋದು ಈ ಮಟ್ಟಿಗೆ ಬೆಳೆಯುತ್ತಿರಲಿಲ್ಲ, ಆ ಋಣ ದೊಡ್ಡದು. ಅವುಗಳ ಹಳೆಯ ಫಾಂಟುಗಳ ಉಪಾಯ ಏನಂದ್ರೆ, ಇಂಗ್ಲಿಷ್ ಮತ್ತಿತರ ಯುರೋಪಿನ ಅಕ್ಷರಗಳ ಮನೆಗಳಲ್ಲಿ ಕನ್ನಡದ ಚೂರುಗಳನ್ನು ಕೂರಿಸೋದು. ನುಡಿಯಲ್ಲಿ 'ಕನ್ನಡ' ಅಂತ ಟೈಪ್ ಮಾಡಿದರೆ ಫೈಲಿನೊಳಗೆ ಉಳಿಯೋದು ಇಂಗ್ಲಿಷಿನ ಪಿ, ತಲೆಮೇಲೆ ಗೀಟು ಹೊತ್ತ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನರ ಜೋಡಿ ಎಸ್, ಕ್ಯೂ, ಇನ್ನೊಂದು ಗೀಟಿನ ಎ. ಫಾಂಟು ಜೊತೆಗಿರೋ ತನಕ ಕಣ್ಣಿಗೆ ಚಂದದ ಕನ್ನಡ. ಫಾಂಟು ತಪ್ಪಿತೋ, ಬರೀ ಕಸ.

ಪಿಡಿಎಫ್ ಫಾಂಟನ್ನು ಒಳಗೇ ಇಟ್ಟುಕೊಳ್ಳೋದರಿಂದ ಅದು ಕನ್ನಡಕ್ಕೆ ವರವಾಯಿತು. ಸುತ್ತೋಲೆ, ಪಠ್ಯಪುಸ್ತಕ, ಪತ್ರಿಕೆ, ಕವನ ಸಂಕಲನ, ಎಲ್ಲವೂ ಪಿಡಿಎಫ್ ಆದವು, ಯಾವ ಊರಿನ ಯಾವ ಕಂಪ್ಯೂಟರಿನಲ್ಲೂ ಸರಿಯಾಗಿ ಕಂಡವು. ವಾರ್ನಾಕ್ ಅಂದುಕೊಂಡಿದ್ದು ನೂರಕ್ಕೆ ನೂರು ಕೈಗೂಡಿದ್ದು ಕನ್ನಡದಲ್ಲೇ ಅನ್ನಬಹುದು. ಆದರೆ ಹೀಗೆ ಉಳಿದಿದ್ದು ಕನ್ನಡದ ಆಕಾರ ಮಾತ್ರ. ಅಕ್ಷರ ಉಳಿಯಲಿಲ್ಲ. ಆ ಫೈಲುಗಳಲ್ಲಿ 'ನೀರಾವರಿ' ಅಂತ ಹುಡುಕಿದರೆ ಏನೂ ಸಿಗಲ್ಲ. ಅಂಧರಿಗೆ ಓದಿಹೇಳುವ ಪ್ರೋಗ್ರಾಮು ಪೌಂಡ್, ಕ್ಯೂ ಅಂತ ಒದರುತ್ತೆ. ನಮ್ಮ ಅಪಾರ್ಟ್‌ಮೆಂಟ್ ಸಂಘದ ಹಳೆಯ ಬೈಲಾ ಕನ್ನಡದಲ್ಲಿದೆ. ಅದರಲ್ಲಿ ಒಂದು ಕಲಂ ಬದಲಾಯಿಸೋಣ ಅಂತ ತೆರೆದು ನೋಡಿದೆ. ಬಂದಿದ್ದು ಬರೀ ಗೀಟಿನ ಎಗಳ ಸಾಲು. ಕೊನೆಗೆ ಹದಿನಾಲ್ಕು ಪುಟವನ್ನೂ ಹೊಸದಾಗಿ ಟೈಪ್ ಮಾಡಿದ್ದಾಯ್ತು.

ಯುನಿಕೋಡ್ ಬಂದ ಮೇಲೆ ಎಲ್ಲಾ ಸರಿಹೋಯ್ತಾ? ಪೂರ್ತಿ ಇಲ್ಲ. 'ಕರ್ನಾಟಕ' ಅನ್ನೋ ಪದವನ್ನೇ ತಗೊಳ್ಳಿ. ಬಾಯಲ್ಲಿ 'ರ್' ಮೊದಲು, 'ನಾ' ಆಮೇಲೆ. ಯುನಿಕೋಡ್ ಕೂಡ ಅದೇ ಕ್ರಮದಲ್ಲಿ ಇಡುತ್ತೆ. ಬರವಣಿಗೆಯಲ್ಲಿ ಮಾತ್ರ 'ನಾ' ಬರೆದ ಮೇಲೆ ಅರ್ಕಾವತ್ತು ಹಾಕ್ತೀವಿ. ಪಿಡಿಎಫ್‌ಗೆ ಗೊತ್ತಿರೋದು ಹಾಳೆಯ ಮೇಲೆ ಆಕಾರಗಳು ಕೂತ ಕ್ರಮ. ಈ ಆಕಾರ ಯಾವ ಅಕ್ಷರದ್ದು ಅಂತ ಹೇಳುವ ಒಂದು ಪಟ್ಟಿಯನ್ನು ಫೈಲಿನೊಳಗೆ ಇಡೋಕ್ಕೆ ಅವಕಾಶವಿದೆ. ಆ ಪಟ್ಟಿಯೂ ಎಷ್ಟೋ ಸಲ ಆಕಾರಕ್ಕೊಂದು ಅಕ್ಷರ ಹೇಳುತ್ತೆಯೇ ಹೊರತು ಕ್ರಮ ಹೇಳಲ್ಲ. ಕಾಪಿ ಮಾಡಿದರೆ ಬರೋದು 'ಕನಾರ್ಟಕ'. ಅಂತರ್ಜಾಲದಲ್ಲಿ ಈ 'ಕನಾರ್ಟಕ'ವನ್ನು ನೀವೂ ಎಷ್ಟು ಸಲ ನೋಡಿರ್ತೀರ! ಬರೆದವರಿಗೆ ಕನ್ನಡ ಬರಲ್ಲ ಅಂತ ನಗೋ ಮುಂಚೆ ಯೋಚಿಸಿ. ಬಹುಪಾಲು ಅದು ಟೈಪ್ ಮಾಡಿದವರ ತಪ್ಪಲ್ಲ. ಆಕಾರದಿಂದ ಅಕ್ಷರಕ್ಕೆ ಮರಳುವ ದಾರಿಯಲ್ಲಿ ನಮ್ಮ ನಾಡಿನ ಹೆಸರೇ ಕಾಲು ಜಾರಿ ಬಿದ್ದ ಗುರುತು.

ಇದಕ್ಕೂ ಮದ್ದು ಸಿಕ್ಕಿದ್ದು ಮುಕ್ತ ತಂತ್ರಾಂಶದಿಂದಲೇ. ಹಳೆಯ ಫಾಂಟಿನ ಪಠ್ಯವನ್ನು ಯುನಿಕೋಡ್‌ಗೆ ತಿರುಗಿಸುವ ಮುಕ್ತ ಪರಿವರ್ತಕಗಳನ್ನು ಕನ್ನಡದವರೇ ಬರೆದಿದ್ದಾರೆ. ನವಿಲು, ಗುಬ್ಬಿಯಂಥ ಮುಕ್ತ ಯುನಿಕೋಡ್ ಫಾಂಟುಗಳಿವೆ. ಅದೂ ಆಗದಿದ್ದರೆ ಟೆಸರಾಕ್ಟ್. ಎಚ್‌ಪಿ ಕಂಪನಿ 1985ರಿಂದ 1994ರ ತನಕ ಬೆಳೆಸಿ, ಆಮೇಲೆ ಮೂಲೆಗಿಟ್ಟು, 2005ರಲ್ಲಿ ಮುಕ್ತಗೊಳಿಸಿದ ಪ್ರೋಗ್ರಾಮಿದು. ಮುಂದೆ ಗೂಗಲ್ ಆಸರೆಯಲ್ಲಿ ಬೆಳೆದು ಕನ್ನಡ ಓದೋದನ್ನೂ ಕಲಿಯಿತು. ಓಸಿಆರ್‌ಮೈಪಿಡಿಎಫ್ ಅನ್ನೋ ಇನ್ನೊಂದು ಮುಕ್ತ ಪ್ರೋಗ್ರಾಮು ಟೆಸರಾಕ್ಟನ್ನು ಬಳಸಿ, ಪುಟದ ಚಿತ್ರದ ಹಿಂದೆ ಕಾಣದ ಪಠ್ಯದ ಪದರ ಒಂದನ್ನು ಇಡುತ್ತೆ. ಆಗ ಹುಡುಕಬಹುದು, ಕಾಪಿ ಮಾಡಬಹುದು. ಯೋಚಿಸಿದರೆ ವಿಚಿತ್ರ. ಕಂಪ್ಯೂಟರಿನಲ್ಲೇ ಟೈಪ್ ಮಾಡಿದ್ದನ್ನು ಕಂಪ್ಯೂಟರು ಮತ್ತೆ ಕಣ್ಣಿಟ್ಟು, ಅಕ್ಷರ ಅಕ್ಷರ ಕೂಡಿಸಿ ಓದಬೇಕು. ತಪ್ಪೂ ಮಾಡುತ್ತೆ, ಅದರಲ್ಲೂ ಒತ್ತಕ್ಷರಗಳಲ್ಲಿ. ಆ ತಪ್ಪುಗಳನ್ನು ಕನ್ನಡ ವಿಕಿಸೋರ್ಸ್‌ನಲ್ಲಿ ಒಂದೊಂದೇ ಪುಟ ಇಟ್ಟುಕೊಂಡು ತಿದ್ದುವ ಸ್ವಯಂಸೇವಕರಿದ್ದಾರೆ. ನನ್ನ ಲೆಕ್ಕದಲ್ಲಿ ನಿಜವಾದ ಪಿಡಿಎಫ್ ಎಡಿಟರ್‌ಗಳು ಅವರೇ.

ಸರಿ, ಮಾತು ಕೊಟ್ಟ ಹಾಗೆ ಉಪಕರಣಗಳ ವಿಷಯ. ಪುಟ ಹಿಂದೆ ಮುಂದೆ ಮಾಡೋದು, ಒಂದೆರಡು ಪುಟ ತೆಗೆದುಹಾಕೋದು ಇದ್ದರೆ ಪಿಡಿಎಫ್ ಅರೇಂಜರ್ ಸಾಕು. ಫಾರ್ಮು ತುಂಬಿ ಸಹಿ ಹಾಕೋದಿದ್ದರೆ ನಿಮ್ಮ ಹತ್ತಿರ ಇರೋ ಫೈರ್‌ಫಾಕ್ಸೇ ಆಯ್ತು. ಒಂದು ತಾರೀಖು, ಒಂದು ಹೆಸರು ಬದಲಾಯಿಸೋಕ್ಕೆ ಲಿಬ್ರೆಆಫೀಸ್ ಡ್ರಾ, ಚಿತ್ರ ಜಾಸ್ತಿಯಿದ್ದರೆ ಇಂಕ್‌ಸ್ಕೇಪ್. ಸ್ಕ್ಯಾನ್ ಮಾಡಿದ್ದಕ್ಕೆ ಓಸಿಆರ್‌ಮೈಪಿಡಿಎಫ್. ಇವೆಲ್ಲ ನಿಮ್ಮ ಕಂಪ್ಯೂಟರಿನಲ್ಲೇ ಓಡುತ್ತವೆ, ಸಂಬಳದ ಚೀಟಿ ಮನೆ ಬಿಟ್ಟು ಎಲ್ಲೂ ಹೋಗಲ್ಲ. ಡಿಜಿಟಲ್ ಸಹಿ ಇರೋ ಫೈಲಿಗೆ ಮಾತ್ರ ಕೈ ಹಾಕಬೇಡಿ. ಒಳಗಿನದು ಬದಲಾದರೆ ಆ ಸಹಿ ಅಸಿಂಧು ಅಂತ ತೋರಿಸುತ್ತೆ, ಅದು ಇರೋದೇ ಅದಕ್ಕೆ.

ಕೊನೆಗೆ ಒಂದು ಕೆಲಸ ಹೇಳ್ತೀನಿ, ಅರ್ಧ ನಿಮಿಷದ್ದು. ಇನ್ನು ಮುಂದೆ ಕನ್ನಡದಲ್ಲಿ ಏನಾದರೂ ಪಿಡಿಎಫ್ ಮಾಡಿದರೆ, ಕಳಿಸುವ ಮುಂಚೆ ಅದನ್ನು ತೆರೆದು ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ ನೋಡಿ. ಅರ್ಕಾವತ್ತಿರುವ ಸಾಲಾದರೆ ಇನ್ನೂ ಒಳ್ಳೇದು. 'ಕರ್ನಾಟಕ' ಕರ್ನಾಟಕವಾಗೇ ಬಂತು ಅಂದ್ರೆ ಕಳಿಸಿ. 'ಕನಾರ್ಟಕ' ಬಂತು ಅಂದ್ರೆ, ಜೊತೆಗೆ ಮೂಲ ಫೈಲನ್ನೂ ಕಳಿಸಿ. ಹತ್ತು ವರ್ಷ ಬಿಟ್ಟು ಅದನ್ನು ತಿದ್ದೋಕ್ಕೆ ಕೂರುವವರು ನಿಮಗೊಂದು ಥ್ಯಾಂಕ್ಸ್ ಹೇಳ್ತಾರೆ.